ಒಂದು ಕೂದಲೆಳೆಯಷ್ಟು ಎತ್ತರ

ಇಂಟರ್ನೆಟ್ ಲೈನಿನವನು ಸ್ಕ್ರೂಗಳನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಾನೆ, ಮೂರು, ಅದೂ ಮುಂದಿನ ಹಲ್ಲಲ್ಲೇ, ಎಡಗಡೆಯದರ ಅಂಚು ಆಗಲೇ ಚಕ್ಕೆ ಎದ್ದುಹೋಗಿದೆ, ಇನ್ನೆರಡು ವರ್ಷ ಹೀಗೇ ಕಚ್ಚಲಿ, ಇವನ ಬಾಯಿಯ ಅಚ್ಚು ನನ್ನ ಮೇಜಿಗೇ ಬರುತ್ತದೆ, ಬರಲಿ, ಐವತ್ತು ದಾಟಿದ ಮನುಷ್ಯನಿಗೆ ಸ್ಕ್ರೂ ಇಟ್ಟುಕೊಳ್ಳಲು ಒಂದು ಜೇಬಿಲ್ಲವೇ — ಅಮ್ಮಾ ಸ್ವಲ್ಪ ಧೂಳಾಗುತ್ತೆ, ಬೇಜಾರ್ ಮಾಡ್ಕೋಬೇಡಿ — ಹೇಳಿದ್ದೂ ಆಯಿತು, ಉತ್ತರಕ್ಕೆ ಕಾಯದೆ ಗೋಡೆಗೆ ಡ್ರಿಲ್ ಇಟ್ಟದ್ದೂ ಆಯಿತು, ಮತ್ತೆ ಕೇಳಿದ್ದು ಯಾವ ಸೌಭಾಗ್ಯಕ್ಕೆ, ನಾನು ಓಡಿಹೋಗಿ ಒಣಗಲು ಇಟ್ಟಿದ್ದ ಆರು ದವಡೆಗಳ ಮೇಲೆ ಟವೆಲ್ ಹೊದಿಸುತ್ತೇನೆ, ಪ್ಲಾಸ್ಟರಿನ ದವಡೆಗಳು, ಆರು ಜನರ ಬಾಯಿ, ಒಬ್ಬರ ಮುಖವನ್ನೂ ನಾನು ನೋಡಿಲ್ಲ, ಆದರೆ ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ, ಯಾರು ಪೆನ್ಸಿಲ್ ಕಚ್ಚುತ್ತಾರೆ ಎಂದು ಕಣ್ಣು ಮುಚ್ಚಿ ಬೆರಳಾಡಿಸಿಯೇ ಹೇಳಬಲ್ಲೆ, ಇಪ್ಪತ್ತಾರು ವರ್ಷದಿಂದ ಹಲ್ಲು ಮಾಡುತ್ತಿದ್ದೇನೆ, ಊರಿನ ಅರ್ಧ ನಗು ನನ್ನ ಕೈಯಲ್ಲಿ ಹುಟ್ಟಿದ್ದು, ನನಗೇ ನಗಲು ಪುರುಸೊತ್ತಿಲ್ಲ, ಅದು ಬೇರೆ ಮಾತು. ಈಗ ನನಗೆ ಕೆಲಸ ಕೊಡುವ ಹಲ್ಲಿನ ಡಾಕ್ಟರಿಗೆ ಅಚ್ಚು ಬೇಡವಂತೆ, ಬಾಯೊಳಗೆ ಕ್ಯಾಮೆರಾ ತೂರಿಸಿ ಹಲ್ಲಿನ ಚಿತ್ರ ತೆಗೆದು ಫೈಲ್ ಕಳಿಸುತ್ತಾರಂತೆ, ನೋಡಿಯಮ್ಮಾ ಸೋಮವಾರದಿಂದ ಎಲ್ಲಾ ಇ-ಮೇಲಲ್ಲೇ ಬರೋದು, ನಿಮ್ಮ ಇಂಟರ್ನೆಟ್ ಹೀಗೆ ಕುಂಟ್ತಾ ಇದ್ರೆ ನಾನು ಬೇರೆಯವರಿಗೆ ಕೊಡ್ಬೇಕಾಗುತ್ತೆ — ಎಷ್ಟು ನಯವಾಗಿ ಹೇಳಿದರು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ, ಕುಂಟುವುದು ನನ್ನ ಇಂಟರ್ನೆಟ್ ಅಲ್ಲ ಸ್ವಾಮೀ, ಮೇಲಿನ ಮನೆಯದು, ಹದಿನೈದು ವರ್ಷದಿಂದ ಮೇಲಿನ ಮನೆಯ ಕಿಟಕಿಯಿಂದ ಒಂದು ಕಪ್ಪು ತಂತಿ ಇಳಿದುಬಂದು ನಮ್ಮ ಅಡುಗೆಮನೆಯೊಳಗೆ ನುಗ್ಗಿದೆ, ಅವರು ಕುಡಿದು ಉಳಿಸಿದ್ದು ನಮಗೆ, ಓರಗಿತ್ತಿ ಮೇಲೆ ಧಾರಾವಾಹಿ ಹಾಕಿಕೊಂಡು ಕೂತರೆ ಕೆಳಗೆ ನನ್ನ ಒಂದು ಫೈಲ್ ಬರಲು ನಲವತ್ತು ನಿಮಿಷ, ಅಕ್ಕಾ ಸ್ವಲ್ಪ ಹೊತ್ತು ನಿಲ್ಲಿಸ್ತೀರಾ ಅಂತ ಮೆಟ್ಟಿಲು ಹತ್ತಿ ಬೇಡುವುದು, ಅಯ್ಯೋ ಈಗ್ಲೇ ಅಳ್ತಾ ಇದಾಳೆ ಕಣೇ, ಇವಳು ಅತ್ತು ಮುಗೀಲಿ ಅಂತ ಅವಳು ಪರದೆ ತೋರಿಸುವುದು, ಸಾಕು, ಇವತ್ತಿಗೆ ಆ ಭಿಕ್ಷೆ ಮುಗಿಯಿತು, ಹೊಸ ಕಂಪನಿ, ಹೊಸ ಲೈನು, ನನ್ನ ಹೆಸರಿನಲ್ಲಿ, ನನ್ನ ಗೋಡೆಯಲ್ಲಿ, ಇನ್ನು ಮೇಲೆ ತಂತಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ.

ಮೇಲ್ ಐಡಿ ಏನಿಡೋಣ ಅಮ್ಮಾ, ಎನ್ನುತ್ತಾನೆ ಲೈನಿನವನು, ಸ್ಕ್ರೂ ಎಲ್ಲ ಬಾಯಿಂದ ಇಳಿದಿವೆ, ನನ್ನ ಲ್ಯಾಪ್‌ಟಾಪಿನ ಎದುರು ಕುರ್ಚಿ ಎಳೆದುಕೊಂಡು ಸ್ವಂತ ಮನೆಯ ಹಾಗೆ ಕೂತಿದ್ದಾನೆ — ಹಳೇ ಕಂಪನಿ ಕೊಟ್ಟಿದ್ದು ಮಧ್ಯಾಹ್ನ ಒಂದು ಗಂಟೆಗೆ ಹೋಗ್ಬಿಡುತ್ತೆ, ಲೈನ್ ಕಟ್ ಮಾಡ್ತಾರಲ್ಲ, ಅದರ ಜತೆಗೇ, ಒಳಗಿರೋದನ್ನೆಲ್ಲ ಹೊಸದಕ್ಕೆ ಎಳ್ಕೊಂಡ್ ಬಿಡೋಣ — ಗೊತ್ತಪ್ಪಾ ಗೊತ್ತು, ನಿನ್ನೆಯಿಂದ ನನ್ನ ತಲೆಯಲ್ಲಿ ಅದೇ ಕೊರೆಯುತ್ತಿರುವುದು, ಒಂದು ಗಂಟೆ, ಈಗ ಹನ್ನೊಂದೂ ಹತ್ತು. ಎರಡು ಮನೆಗೂ ಸೇರಿ ಒಂದೇ ಮೇಲ್ ಪೆಟ್ಟಿಗೆ, ಇಂಥ ದರಿದ್ರ ಏರ್ಪಾಡು ಬೇರೆ ಯಾವ ಮನೆಯಲ್ಲಾದರೂ ಉಂಟೇ, ಮಾವ ಇದ್ದಾಗ ಮಾಡಿದ್ದು, ಅಣ್ಣ ತಮ್ಮಂದಿರು ಬೇರೆ ಆಗಬಾರದು ಎಂದು ಒಂದು ಗೇಟು, ಒಂದು ನೀರಿನ ಟ್ಯಾಂಕು, ಒಂದು ಮೇಲು, ಕಂಪ್ಯೂಟರ್ ಮಾತ್ರ ದೊಡ್ಡ ಮಗನ ಹಾಲ್‌ನಲ್ಲಿ, ಅಂದರೆ ಓರಗಿತ್ತಿಯ ಕಣ್ಣ ಕೆಳಗೆ, ಮತ್ತೆ ಅದಕ್ಕೊಂದು ಕಟ್ಟುಪಾಡು ಬೇರೆ, ನಿಮ್ಮದಲ್ಲದ ಪತ್ರ ತೆರೆದುಬಿಟ್ಟರೆ ಮತ್ತೆ ಓದಿಲ್ಲದ ಹಾಗೆ ಗುರುತು ಮಾಡಿ ಬಿಡಬೇಕು, ದಪ್ಪ ಅಕ್ಷರಕ್ಕೆ ತಿರುಗಿಸಬೇಕು, ಅದೇ ಮರ್ಯಾದೆ ಎಂದು ಮಾವನ ಅಪ್ಪಣೆ, ಓದುವುದು ತಪ್ಪಲ್ಲ, ಓದಿದ್ದು ಗೊತ್ತಾಗುವುದು ತಪ್ಪು! ನನ್ನ ಬಸಿರು ನಿಲ್ಲದ ರಿಪೋರ್ಟುಗಳು, ನನ್ನ ತಂಗಿಯ ಗೋಳು, ಎಲ್ಲವೂ ದಪ್ಪ ಅಕ್ಷರದಲ್ಲಿ ಮುಗ್ಧವಾಗಿ ಕೂತಿರುತ್ತಿದ್ದವು, ನಾನು ತೆರೆಯುವ ಮೊದಲೇ ಓರಗಿತ್ತಿ ಮೆಟ್ಟಿಲ ಮೇಲಿಂದ, ತಂಗಿಗೆ ಧೈರ್ಯ ಹೇಳೇ ಪಾಪ, ಎನ್ನುತ್ತಿದ್ದಳು, ಮೈಯೆಲ್ಲ ಉರಿಯುತ್ತಿತ್ತು. ಆ ಪೆಟ್ಟಿಗೆಯೊಳಗೆ ಒಂದು ಪತ್ರ ಬಂದಿತ್ತು, ನನ್ನ ಜೀವನವನ್ನೇ ಬೇರೆ ಮಾಡಬೇಕಿದ್ದ ಒಂದು ಪತ್ರ, ಬಂದಿತ್ತು ಎಂದೂ ಗೊತ್ತು, ಯಾರು ನುಂಗಿದರೆಂದೂ ಗೊತ್ತು, ಏಳು ವರ್ಷದಿಂದ ಗೊತ್ತು, ಸಾಕ್ಷಿಯೊಂದು ಇರಲಿಲ್ಲ ಅಷ್ಟೇ, ಒಂದು ಗಂಟೆ ಹೊಡೆಯುವುದರೊಳಗೆ ಅದರ ಒಂದು ಗುಲಗಂಜಿಯಷ್ಟು ಸುಳಿವು ಸಿಕ್ಕಿದರೂ ಸಾಕು, ಮೆಟ್ಟಿಲು ಹತ್ತಿ ಹೋಗಿ ಅವಳ ಮುಖದ ಮೇಲೆ ಹಿಡಿಯುತ್ತೇನೆ, ಸಿಗದಿದ್ದರೆ ಆ ಪಾಪ ಒಂದು ಗಂಟೆಗೆ ಲೈನಿನ ಜತೆ ಗಂಗೆಯ ಪಾಲು, ಅವಳು ಹಾಯಾಗಿ ಬದುಕುತ್ತಾಳೆ.

ಹಲ್ಲು ಮಾಡುವುದನ್ನು ಕಲಿಸುವ ಶಾಲೆ, ಇನ್ನೊಂದು ಊರಿನಲ್ಲಿ, ಬೋಧಕಿಯ ಕೆಲಸ, ಇರಲು ಎರಡು ಕೋಣೆಯ ಮನೆ, ದೊಡ್ಡ ಕಿಟಕಿಯ ಪ್ರಯೋಗಶಾಲೆ, ಹನ್ನೆರಡು ಹುಡುಗಿಯರು ಸಾಲಾಗಿ ಕೂತು ನನ್ನ ಕೈ ನೋಡುತ್ತಾರೆ — ನೋಡುತ್ತಾರೆ ಎಂದೇ ಬರುತ್ತದೆ ಬಾಯಿಗೆ, ನೋಡಲೇ ಇಲ್ಲ — ಪರೀಕ್ಷೆಗೆ ಮೇಣದ ತುಂಡು ಕೊಟ್ಟರು, ಮೇಲಿನ ದವಡೆಯ ಮೊದಲ ದೊಡ್ಡ ಹಲ್ಲು, ಒಂದೂವರೆ ಗಂಟೆ, ನಾನು ಐವತ್ತು ನಿಮಿಷಕ್ಕೆ ಕೆತ್ತಿ ಇಟ್ಟೆ, ಕನ್ನಡಕದ ಪರೀಕ್ಷಕಿ ಅದನ್ನು ಎತ್ತಿ ಬೆಳಕಿಗೆ ಹಿಡಿದು ಸುಮ್ಮನೆ ನೋಡುತ್ತಲೇ ಇದ್ದರು, ಆಮೇಲೆ, ಪತ್ರ ಬರುತ್ತೆ, ಹೋಗಿ ಬನ್ನಿ, ಎಂದರು. ಎರಡು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ, ದಿನಾ ಮೇಲೆ ಹೋಗಿ ನೋಡುವುದು, ಏನೂ ಇಲ್ಲ, ಮತ್ತೆ ಒಂದು ದಿನ ಜತೆಗೆ ಪರೀಕ್ಷೆ ಬರೆದವಳು ಬಸ್ಸಿನಲ್ಲಿ ಸಿಕ್ಕಿ, ನೀವ್ಯಾಕ್ರೀ ಹೋಗ್ಲಿಲ್ಲ, ನಿಮ್ಮ ಹೆಸರೇ ಮೊದಲಿತ್ತು, ಪತ್ರ ಕಳಿಸಿದ್ರಂತಲ್ಲ, ಈಗ ನಾನೇ ಸೇರ್ಕೊಂಡಿದೀನಿ — ಅವಳ ಕೆಳಗಿನ ಹಲ್ಲು ಸೊಟ್ಟ, ಅವಳು ನನ್ನ ಕುರ್ಚಿಯಲ್ಲಿ! ಮನೆಗೆ ಬಂದು ಗಂಡನ ಎದುರು ಕೂತು ಅತ್ತುಬಿಟ್ಟೆ, ಇವರು ನನ್ನ ಬೆನ್ನು ಸವರುತ್ತ, ನಾನೇನು ಹೇಳ್ಲಿ, ಕಂಪ್ಯೂಟರ್ ಇರೋದು ಅತ್ತಿಗೆ ಹಾಲ್‌ನಲ್ಲಿ, ನನಗೆ ಹೆಸರು ಹೇಳೋಕೆ ಇಷ್ಟ ಇಲ್ಲ, ಎಂದರು, ಹೆಸರು ಹೇಳುವ ಅಗತ್ಯವೇ ಇರಲಿಲ್ಲ, ನೀನು ಹೊರಟ್ರೆ ನಾನಿಲ್ಲಿ ಒಬ್ಬಳೇ ಗೂಬೆ ಥರ ಕೂರ್ಬೇಕಲ್ಲೇ ಎಂದು ಓರಗಿತ್ತಿಯೇ ನನ್ನೆದುರು ಅಂದಿದ್ದಳು. ನಾನು ಜಗಳ ಆಡಲಿಲ್ಲ, ಬಾಯಿ ಬಡಿಯುವುದು ನನ್ನ ಜಾಯಮಾನವಲ್ಲ, ಕಾದೆ, ಎರಡು ವರ್ಷ, ಅವಳ ಬಲಗಡೆಯ ಮೇಲಿನ ಮೂರು ಕಟ್ಟಿಸಿದ ಹಲ್ಲಿನ ಸೇತುವೆ, ಅದೇ ಬ್ರಿಡ್ಜ್, ಸಡಿಲವಾಗಿ, ಹೊಸದು ಮಾಡ್ಕೊಡೇ, ನಿನ್ನ ಕೈಯಿಂದ್ಲೇ ಆಗ್ಬೇಕು, ಬೇರೆಯವರದು ನನಗೆ ಒಗ್ಗಲ್ಲ ಎಂದು ಬಂದಳಲ್ಲ, ಮಾಡಿಕೊಟ್ಟೆ, ಅಂದವಾಗಿ ಮಾಡಿಕೊಟ್ಟೆ, ಮಧ್ಯದ ಹಲ್ಲನ್ನು ಮಾತ್ರ ಒಂದು ಕೂದಲೆಳೆಯಷ್ಟು ಎತ್ತರ ಬಿಟ್ಟೆ. ಎತ್ತರದ ಕಡೆ ಬಣ್ಣ ಹತ್ತುವ ನೀಲಿ ಕಾಗದ ಕಚ್ಚಿಸಿ ನೋಡಿದರೆ ಗೊತ್ತಾಗಿಬಿಡುತ್ತದೆ, ಆದರೆ ಡಾಕ್ಟರು ನನ್ನ ಕೆಲಸಕ್ಕೆ ಕಾಗದ ಇಟ್ಟು ನೋಡುವುದೇ ಇಲ್ಲ, ನಿಮ್ಮದು ಅಂದ್ರೆ ಕಣ್ಣು ಮುಚ್ಕೊಂಡು ಕೂರಿಸ್ತೀನಿ ಅನ್ನುವುದು ಅವರ ಹೆಮ್ಮೆ, ಕೂರಿಸಿದರು. ಯಾಕೋ ಕಚ್ಚಿದ ಹಾಗಾಗುತ್ತೆ ಕಣೇ ಎಂದಳು ಒಂದು ವಾರಕ್ಕೆ, ಹೊಸದಲ್ವಾ ಅಕ್ಕಾ, ಒಗ್ಗುತ್ತೆ, ಎಂದೆ ನಾನು, ನಕ್ಕುಕೊಂಡು. ಐದು ವರ್ಷವಾಯಿತು, ಊಟಕ್ಕೆ ಕೂತಾಗ ಅವಳ ತಲೆ ತಾನಾಗಿ ಎಡಕ್ಕೆ ವಾಲುತ್ತದೆ, ತುತ್ತು ಎಡಗೆನ್ನೆಗೆ ಸರಿಯುತ್ತದೆ, ಬಲಗೆನ್ನೆ ಸುಮ್ಮನೆ ಜೋತುಬಿದ್ದಿರುತ್ತದೆ, ನಾನು ಎದುರು ಕೂತು ನೋಡುತ್ತೇನೆ, ನನಗೆ ಹೊಟ್ಟೆ ತಣ್ಣಗಾಗುತ್ತದೆ.

ನೋಡಿ ನೋಡಿ, ಏನ್ ಸ್ಪೀಡು, ಎಂದು ಲೈನಿನವನು ತನ್ನ ಮಗನೇ ಓಟದಲ್ಲಿ ಗೆದ್ದ ಹಾಗೆ ಬೀಗುತ್ತಾನೆ, ಪರದೆಯ ಮೇಲೆ ಹಸಿರು ಗೆರೆ ಸರಸರ ಓಡುತ್ತದೆ, ಎಂಟು ಸಾವಿರ ಪತ್ರ, ಒಂಬತ್ತು ಸಾವಿರ — ಒಂದು ಮಾತು ಅಮ್ಮಾ, ಹಳೇದರಲ್ಲಿ ಬಂದಿದ್ದು ಒಂದು ಕಡೆ ಕಳಿಸಿದ್ದು ಒಂದು ಕಡೆ ಇತ್ತಲ್ಲ, ಇದರಲ್ಲಿ ಎಲ್ಲಾ ಒಂದೇ ರಾಶಿ, ತಾರೀಖಿನ ಪ್ರಕಾರ ಬಂದು ಬೀಳುತ್ತೆ, ಆಮೇಲೆ ನೀವೇ ಬೇರೆ ಮಾಡ್ಕೊಳ್ಳಿ, ಡಿಲೀಟ್ ಮಾಡಿದ್ದು ಮಾತ್ರ ಬರಲ್ಲ — ಡಿಲೀಟ್ ಮಾಡಿದ್ದೇ ಬೇಕಾಗಿತ್ತಲ್ಲಯ್ಯಾ ನನಗೆ, ಹಾಳಾದವನೇ, ಇಷ್ಟು ಹೊತ್ತು ಬಿಟ್ಟು ಈಗ ಹೇಳುತ್ತೀಯಾ. ಮೇಲೆ ಕುರ್ಚಿ ಎಳೆದ ಸದ್ದು, ಅವಳೇ, ಬಾಯಾಡಿಸಲು ಏನೋ ಹುಡುಕುತ್ತಿರಬೇಕು, ತಲೆ ಎಡಕ್ಕೆ ವಾಲಿಸಿಕೊಂಡು. ಇವರು ಪಕ್ಕದ ಕೋಣೆಯಲ್ಲಿ ಪೇಪರ್ ಮಡಚುತ್ತಿದ್ದಾರೆ, ಭಾನುವಾರ, ತೂಕದ ಇನ್ಸ್‌ಪೆಕ್ಟರಿಗೆ ರಜೆ, ವಾರವಿಡೀ ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಹಿಡಿದು ನೋಡುತ್ತಾರೆ, ಹತ್ತು ಗ್ರಾಂ ಕಡಿಮೆ ತೂಗಿದವನನ್ನು ಬಿಟ್ಟವರಲ್ಲ, ಏಯ್, ಬಂತಾ, ಎನ್ನುತ್ತಾರೆ ಒಳಗಿಂದ, ಬರ್ತಾ ಇದೆ, ಎನ್ನುತ್ತೇನೆ. ನಾನು ಆ ವರ್ಷಕ್ಕೆ ಹೋಗುತ್ತೇನೆ, ಆ ತಿಂಗಳಿಗೆ, ಗುಂಡಿ ಒತ್ತಿ ಒತ್ತಿ, ನೀರಿನ ಟ್ಯಾಂಕ್ ತೊಳೆಯುವವರದು, ವಿಮೆಯವರದು, ಭಾವನ ಆಫೀಸಿನದು, ಆಸ್ಪತ್ರೆಯದೊಂದು, ಅದರ ಕೆಳಗೆ ನನ್ನ ಹೆಸರು. ನನ್ನ ಹೆಸರು ಯಾಕೆ ಇಲ್ಲಿ. ನಾನು ಕಳಿಸಿದ ಪತ್ರ, ಶಾಲೆಯ ವಿಳಾಸಕ್ಕೆ, ನಾನು ಎಲ್ಲಿ ಕಳಿಸಿದೆ, ಅರ್ಜಿ ಅಂಚೆಯಲ್ಲಿ ಹಾಕಿದ್ದೆನಲ್ಲ — ಮಾನ್ಯರೇ, ನನಗೆ ಈ ಹುದ್ದೆಯಲ್ಲಿ ಆಸಕ್ತಿ ಇಲ್ಲ. ದಯವಿಟ್ಟು ಬೇರೆಯವರಿಗೆ ಕೊಡಿ. ಮತ್ತೆ ಪತ್ರ ಬರೆಯುವುದು ಬೇಡ — ಕೆಳಗೆ ನನ್ನ ಪೂರ್ತಿ ಹೆಸರು, ಅದರ ಕೆಳಗೆ ಬೂದು ಅಕ್ಷರದಲ್ಲಿ ಅವರ ಪತ್ರ, ಉತ್ತರ ಕೊಟ್ಟಾಗ ಹಿಂದಿನದೂ ಅಂಟಿಕೊಂಡೇ ಹೋಗುತ್ತದಲ್ಲ, ಹಾಗೆ ಉಳಿದಿದೆ, ಬಂದದ್ದನ್ನು ಅಳಿಸಿದವರು ಕಳಿಸಿದ್ದನ್ನು ಅಳಿಸಲು ಮರೆತಿದ್ದಾರೆ, ನಾನಾದರೂ ಬರೆಯದೆ ಇದ್ದ ಪತ್ರವನ್ನು ಕಳಿಸಿದ್ದರ ನಡುವೆ ಯಾಕೆ ಹುಡುಕಲಿ, ಏಳು ವರ್ಷ ಅದು ಅಲ್ಲೇ ಬಿದ್ದಿತ್ತು, ತಮ್ಮನ್ನು ಆಯ್ಕೆ ಮಾಡಿರುವುದನ್ನು ತಿಳಿಸಲು ಸಂತೋಷಪಡುತ್ತೇವೆ, ತಾವು ಕೆತ್ತಿದ ಹಲ್ಲನ್ನು ನಮ್ಮ ಪ್ರಯೋಗಶಾಲೆಯ ಗಾಜಿನ ಕಪಾಟಿನಲ್ಲಿ ಇಟ್ಟುಕೊಂಡಿದ್ದೇವೆ.

ಸಿಕ್ಕಿತು! ಸಿಕ್ಕಿತಲ್ಲೇ ಓರಗಿತ್ತಿ, ಬರೀ ನುಂಗಿದ್ದಲ್ಲ, ನನ್ನ ಹೆಸರಲ್ಲಿ ಉಗುಳಿದ್ದೀಯ, ಇರು, ಈಗ ಬಂದೆ ಮೇಲೆ, ಕಾಲು ಆಗಲೇ ಎದ್ದಿದೆ, ಕುರ್ಚಿ ಹಿಂದಕ್ಕೆ ಸರಿದಿದೆ, ತಾರೀಖು ನೋಡಿಕೊಂಡು ಹೋಗಬೇಕು, ಅವಳು ಇಲ್ಲ ಅನ್ನುತ್ತಾಳೆ, ತಾರೀಖು, ಗಂಟೆ, ಎಲ್ಲ ಹೇಳಿಯೇ ಬಾಯಿ ಮುಚ್ಚಿಸಬೇಕು — ಬೆಳಿಗ್ಗೆ ಹತ್ತು ನಲವತ್ತು — ಅದರ ಮೇಲಿನದು ಆಸ್ಪತ್ರೆಯ ಪತ್ರ, ಅದೇ ತಾರೀಖು, ಎಂಟು ಗಂಟೆ ಐದು, ರೋಗಿಯನ್ನು ಒಂಬತ್ತೂವರೆಗೆ ಆಪರೇಷನ್ ಕೊಠಡಿಗೆ ಕರೆದೊಯ್ಯಲಾಗುವುದು, ಜತೆಗೆ ಇಬ್ಬರು ಇರತಕ್ಕದ್ದು. ರೋಗಿ ಯಾರು, ಓರಗಿತ್ತಿ. ಪಿತ್ತಕೋಶದ ಕಲ್ಲು. ಜತೆಗೆ ಇದ್ದವರು ಇಬ್ಬರು, ಭಾವ, ಮತ್ತೆ — ನಾನು. ನಾನೇ ಇದ್ದೆನಲ್ಲ, ನರ್ಸು ಬಂದು ಬಾಯಲ್ಲಿ ಕಟ್ಟಿಸಿದ ಹಲ್ಲು ಏನಾದ್ರೂ ಇದ್ರೆ ನೋಡ್ಬೇಕು ಅಂದಾಗ ಇವಳ ಬಾಯಿ ತೆಗೆಸಿ ಬೆರಳಿಟ್ಟು ಅಲ್ಲಾಡಿಸಿ, ಗಟ್ಟಿ ಇದೆ, ನಾನೇ ಮಾಡಿದ್ದು ಅಂದೆನಲ್ಲ, ಹಳೆಯ ಸೇತುವೆ, ಆಗ ಅದು ಸರಿಯಾಗೇ ಇತ್ತು, ಅವಳು ನನ್ನ ಕೈ ಬಿಡಲಿಲ್ಲ, ನೀನ್ ಇರ್ತೀಯ ಅಲ್ವಾ ಇಲ್ಲೇ, ನಾನ್ ಎದ್ದಾಗ ನೀನೇ ಕಾಣ್ಬೇಕು ಎಂದಳು, ಹತ್ತು ನಲವತ್ತಕ್ಕೆ ಅವಳು ಪ್ರಜ್ಞೆ ಇಲ್ಲದೆ ಹೊಟ್ಟೆ ಕೊಯ್ಯಿಸಿಕೊಂಡು ಮಲಗಿದ್ದಾಳೆ, ಭಾವ ನನ್ನ ಪಕ್ಕದ ಬೆಂಚಿನ ಮೇಲೆ ಮೊಣಕಾಲು ಕುಣಿಸುತ್ತಿದ್ದಾರೆ, ಅವರ ಕೈಯಲ್ಲಿ ಬಟನ್ ಫೋನು, ಮತ್ತೆ ಮೇಲಿನ ಮನೆಯ ಕೀಲಿ ಯಾರ ಕೈಯಲ್ಲಿತ್ತು. ಬೇಡ. ಇನ್ನೊಮ್ಮೆ ಎಣಿಸುತ್ತೇನೆ, ಎರಡು ಮನೆ, ನಾಲ್ಕು ಜನ, ಮೂವರು ಆಸ್ಪತ್ರೆಯಲ್ಲಿ. ನೀವೆಲ್ಲ ಹೊರಡಿ, ಅತ್ತಿಗೆ ಮನೆ ಕೀಲಿ ಕೊಟ್ಟು ಹೋಗ್ಲಿ, ನಿನ್ನ ಪತ್ರ ಬಂದ್ರೆ ಯಾರಾದ್ರೂ ನೋಡ್ಬೇಕಲ್ಲ — ಎಷ್ಟು ಒಳ್ಳೆಯವರು ಎಂದುಕೊಂಡಿದ್ದೆ ನಾನು ಆಟೋ ಹತ್ತುವಾಗ, ಮಧ್ಯಾಹ್ನ ಫ್ಲಾಸ್ಕಿನಲ್ಲಿ ಟೀ ಹಿಡಿದು ಬಂದರು, ಅತ್ತಿಗೆ ಹೇಗಿದ್ದಾರೆ ಎಂದು ಕೇಳುವ ಮೊದಲೇ, ಪತ್ರ ಗಿತ್ರ ಏನೂ ಬಂದಿಲ್ಲ ಕಣೇ, ಎಂದರು, ನಾನು ಕೇಳಿಯೇ ಇರಲಿಲ್ಲ. ಕೇಳಿಯೇ ಇರಲಿಲ್ಲ. ಆ ಟೀ ಕುಡಿದೆ.

ತಕ್ಕಡಿ ನೋಡುವ ಮನುಷ್ಯ. ಹತ್ತು ಗ್ರಾಂ ಬಿಡದ ಮನುಷ್ಯ. ಬೆನ್ನು ಸವರಿದ ಕೈ ಅದೇ, ಹೆಸರು ಹೇಳೋಕೆ ಇಷ್ಟ ಇಲ್ಲ ಎಂದ ಬಾಯಿ ಅದೇ, ಥೂ, ಐದು ವರ್ಷ ಅವಳು ಎದುರು ಕೂತು ತಲೆ ಎಡಕ್ಕೆ ವಾಲಿಸಿ ಅಗಿಯುವಾಗ ಪಕ್ಕದಲ್ಲಿ ಕೂತು ಇವರು ಸುಖವಾಗಿ ಎರಡೂ ಕಡೆ ಅಗಿದರು. ಅಮ್ಮಾ, ಇದೊಂದು ತುಂಬಿಸ್ಬಿಟ್ರೆ ಆಯ್ತು, ಲೈನಿನವನು ಪರದೆಗೆ ಬೆರಳು ಕುಟ್ಟುತ್ತಾನೆ, ಪಾಸ್‌ವರ್ಡ್ ಮರೆತುಹೋದ್ರೆ ಬೇಕಾಗುತ್ತೆ, ನಿಮಗೆ ನಂಬಿಕೆ ಇರೋ ಒಬ್ಬರ ನಂಬರ್ — ನಂದೇ ಹಾಕು, ನಂದೇ ಹಾಕು, ಇವರು ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಿದ್ದಾರೆ, ಪಾಸ್‌ವರ್ಡ್ ಏನಿಟ್ಟೆ, ನನಗೂ ಹೇಳಿರು. ನಾನು ಲ್ಯಾಪ್‌ಟಾಪನ್ನು ಇವರ ಕಡೆಗೆ ತಿರುಗಿಸುತ್ತೇನೆ, ಇವರು ಕನ್ನಡಕ ಹಣೆಯಿಂದ ಇಳಿಸಿ ಓದುತ್ತಾರೆ, ಎಷ್ಟು ಹೊತ್ತು ಬೇಕು ಮೂರು ಸಾಲಿಗೆ, ತಾವೇ ಬರೆದ ಮೂರು ಸಾಲಿಗೆ, ಕಿವಿ ಕೆಂಪಾಗುತ್ತದೆ, ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು, ಅದೆಲ್ಲ ಹಳೇ ಕಥೆ, ಈಗ್ಯಾಕೆ ತೆಗೀತೀಯ, ಅದೂ ಲೈನಿನವನ ಎದುರಿಗೆ, ಎನ್ನುತ್ತಾರೆ ಮೆಲ್ಲಗೆ, ನೀನು ಅಲ್ಲಿಗೆ ಹೋಗಿದ್ರೆ ಇಲ್ಲಿ ನನ್ನ ಗತಿ ಏನು, ಅದನ್ನಾದ್ರೂ ಯೋಚ್ನೆ ಮಾಡಿದ್ಯಾ ನೀನು — ಕೇಳುತ್ತಿದ್ದಾರೆ ನನ್ನನ್ನು! ಲೈನಿನವನು ತನ್ನ ಸ್ಕ್ರೂಗಳನ್ನು ಬಹಳ ಶ್ರದ್ಧೆಯಿಂದ ಎಣಿಸತೊಡಗುತ್ತಾನೆ. ಬೈಗುಳ ಎಲ್ಲ ಗಂಟಲಿಗೆ ಬಂದಿದೆ, ಏಳು ವರ್ಷ ಮೇಲಿನ ಮನೆಯವಳಿಗೆಂದು ಕೂಡಿಟ್ಟದ್ದು, ಒಂದೊಂದನ್ನೂ ಇವರ ಮುಖಕ್ಕೆ ಎಸೆಯಬಹುದು, ಎಸೆಯುತ್ತೇನೆ, ಇವರೆಲ್ಲಿ ಓಡುತ್ತಾರೆ, ಆದರೆ ನಾನು ಅವಳಿಗೆ ಎಸೆದದ್ದು ಮಾತಲ್ಲವಲ್ಲ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಏನೇ, ಬಂತೇನೇ ನಿನ್ನ ಇಂಟರ್ನೆಟ್ಟು, ಹಳೇ ಲೈನ್ ಕಟ್ಟಾಗಿ ನನ್ನ ಧಾರಾವಾಹಿ ನಿಂತೋಯ್ತು ಕಣೇ, ಎನ್ನುತ್ತ ಓರಗಿತ್ತಿ ಒಳಗೆ ಬರುತ್ತಾಳೆ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಸೇಬು, ಕಾಗದದಷ್ಟು ತೆಳ್ಳಗೆ ಹೆಚ್ಚಿದ್ದು, ಇಡೀ ಹಣ್ಣು ಕಚ್ಚಿ ತಿನ್ನುವುದನ್ನು ಅವಳು ಯಾವಾಗ ಬಿಟ್ಟಳು, ನಿನಗೂ ತಂದಿದೀನಿ, ಬೆಳಿಗ್ಗೆಯಿಂದ ಏನೂ ತಿಂದಿರಲ್ಲ ನೀನು, ಯಾಕೇ, ಇಬ್ಬರೂ ಹೀಗ್ ನಿಂತಿದೀರಿ? ಇವರು ಟವೆಲ್ ಸರಿಮಾಡಿಕೊಂಡು ಸ್ನಾನದ ಮನೆಗೆ ನುಸುಳಿಕೊಳ್ಳುತ್ತಾರೆ, ಹೋಗಲಿ, ಆ ಲೆಕ್ಕ ಆಮೇಲೆ. ಅಕ್ಕಾ ನಿಮ್ಮ ನಂಬರ್ ಹೇಳಿ, ಎನ್ನುತ್ತೇನೆ, ನಂದ್ಯಾಕೇ, ನನಗೇನ್ ಗೊತ್ತಾಗುತ್ತೆ ಇದೆಲ್ಲ, ಎನ್ನುತ್ತಲೇ ಒಂದೊಂದೇ ಅಂಕಿ ಹೇಳುತ್ತಾಳೆ, ನಾನು ಒತ್ತುತ್ತೇನೆ, ಆಯ್ತಮ್ಮಾ, ನಿಮ್ಮ ಮೇಲ್ ರೆಡಿ, ಎಂದು ಲೈನಿನವನು ಎದ್ದೇಬಿಡುತ್ತಾನೆ. ಅಕ್ಕಾ, ಇಲ್ಲಿ ದೀಪದ ಹತ್ತಿರ ಬನ್ನಿ, ಬಾಯಿ ತೆಗೀರಿ. ಅಯ್ಯೋ ಇದೇನೇ ಈಗ! ತೆಗೀರಿ. ತೆಗೆಯುತ್ತಾಳೆ, ನಾನು ಹೇಳಿದರೆ ಯಾವಾಗಲೂ ತೆಗೆಯುತ್ತಾಳೆ, ಮಕ್ಕಳ ಹಾಗೆ ಕಣ್ಣು ಮುಚ್ಚಿಕೊಂಡು, ನಾನು ಕೆಲಸದ ದೀಪ ಬಗ್ಗಿಸುತ್ತೇನೆ, ನನ್ನ ಮೂರು ಹಲ್ಲು ಹೊಳೆಯುತ್ತಿವೆ, ಕೆಲಸ ಅಂದರೆ ಕೆಲಸ, ಒಂದು ಗೀರೂ ಬಿದ್ದಿಲ್ಲ, ಒಂದು ಕೂದಲೆಳೆ ಉಜ್ಜಿ ತೆಗೆಯಲು ನನಗೆ ಎರಡು ನಿಮಿಷ ಸಾಕು, ಎರಡೇ ನಿಮಿಷ — ಕೆಳಗೆ ನೋಡುತ್ತೇನೆ. ಅದರ ನೇರಕ್ಕೆ ಕೆಳಗಿನ ಹಲ್ಲು, ಅವಳ ಸ್ವಂತದ್ದು, ನಡುವೆ ಬಿರಿದಿದೆ, ಬುಡದವರೆಗೆ ಕಪ್ಪು ಗೆರೆ ಇಳಿದಿದೆ, ಎಡಗಡೆಯವು ಐದು ವರ್ಷ ಎರಡು ಪಾಲು ದುಡಿದು ತೇದು ಚಪ್ಪಟೆಯಾಗಿವೆ, ಇದನ್ನು ಉಜ್ಜಿ ಸರಿ ಮಾಡಲು ಬರುವುದಿಲ್ಲ, ಕೀಳಿಸಬೇಕು, ಮತ್ತೆ ಮಾಡಿಸಬೇಕು, ಮತ್ತೆ ಅವಳು ನನ್ನ ಹತ್ತಿರವೇ ಬರುತ್ತಾಳೆ, ನಿನ್ನ ಕೈಯಿಂದ್ಲೇ ಆಗ್ಬೇಕು ಎನ್ನುತ್ತಾಳೆ. ಏನಾಯ್ತೇ, ಅವಳು ಬಾಯಿ ಮುಚ್ಚುತ್ತಾಳೆ, ಯಾಕೆ ಹಾಗ್ ನೋಡ್ತೀಯ, ನೀನ್ ಮಾಡಿದ್ದು ಚೆನ್ನಾಗೇ ಇದೆಯಲ್ಲ, ನನ್ನ ಬಾಯೇ ಸರಿ ಇಲ್ಲ, ಅದಕ್ಕೇ ಒಗ್ಗಲಿಲ್ಲ. ಹೇಳಬೇಕು, ಈಗಲೇ ಹೇಳಬೇಕು, ಅಕ್ಕಾ ಅದು ನಾನು, ಅಕ್ಕಾ ಅದು, ಅವಳು ಸೇಬಿನ ಇನ್ನೊಂದು ಚೂರು ಎತ್ತಿ ಬಾಯಿಗಿಟ್ಟುಕೊಳ್ಳುತ್ತಾಳೆ, ತಲೆ ಎಡಕ್ಕೆ ವಾಲುತ್ತದೆ, ಮೆಲ್ಲಗೆ, ತಾನಾಗಿ, ಅಭ್ಯಾಸದಿಂದ, ಚೂರು ಎಡಗೆನ್ನೆಗೆ ಸರಿಯುತ್ತದೆ, ದವಡೆ ಎಡಕ್ಕೆ, ಅಕ್ಕಾ, ಮತ್ತೆ ಎಡಕ್ಕೆ, ತಲೆ ವಾಲಿಯೇ ಇದೆ, ಎಡಕ್ಕೆ —